ಕಾಫಿ ಬಿಸಿಯಾಗಿದೆ, ಖಾತೆ ಯಾರ ಹೆಸರಲ್ಲಿದೆ?

ಷಿಕಾಗೊ ನಗರದ ದಕ್ಷಿಣ ಭಾಗದಲ್ಲಿರುವ ಬ್ರಾಂಜ್‌ವಿಲ್ ಒಂದು ಕಾಲಕ್ಕೆ ಕಪ್ಪು ಅಮೆರಿಕದ ರಾಜಧಾನಿ ಎನಿಸಿಕೊಂಡಿತ್ತು. ದಶಕಗಳ ಕಾಲ ಪಾಳುಬಿದ್ದಿದ್ದ ಅದರ ಬೀದಿಗಳಲ್ಲಿ ಈಗ ಕೆಫೆ, ಗ್ಯಾಲರಿ, ಐಸ್‌ಕ್ರೀಮ್ ಅಂಗಡಿಗಳು ಬಾಗಿಲು ತೆರೆದಿವೆ. ಈ ಹೊಸ ಚಿಗುರಿನ ಬೇರು ಯಾರ ನೆಲದಲ್ಲಿದೆ?

ಷಿಕಾಗೊಗೆ ಹೋದ ನಮ್ಮವರು ತಪ್ಪದೆ ನೋಡುವ ಕಟ್ಟಡ ಮಿಷಿಗನ್ ಅವೆನ್ಯೂದ ಆರ್ಟ್ ಇನ್‌ಸ್ಟಿಟ್ಯೂಟ್. 1893ರ ಸೆಪ್ಟೆಂಬರ್ 11ರಂದು ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿದ್ದು ಇಲ್ಲೇ. ಹೊರಗಿನ ರಸ್ತೆಗೆ ಅವರ ಹೆಸರಿನ ಗೌರವ ಫಲಕವೂ ಇದೆ. ಅಲ್ಲಿ ಫೋಟೊ ತೆಗೆಸಿಕೊಂಡವರು ಸಾಮಾನ್ಯವಾಗಿ ಉತ್ತರಕ್ಕೆ ಹೊರಡುತ್ತಾರೆ. ಥಳಥಳಿಸುವ 'ಬೀನ್' ಶಿಲ್ಪ, ನದಿ, ದೊಡ್ಡ ದೊಡ್ಡ ಅಂಗಡಿಗಳು ಎಲ್ಲ ಇರುವುದು ಆ ಕಡೆಗೆ. ದಕ್ಷಿಣದ ಮಾತೆತ್ತಿದರೆ, ನೇಪರ್‌ವಿಲ್, ಷಾಂಬರ್ಗ್‌ನಂಥ ಉಪನಗರಗಳಲ್ಲಿ ಮನೆ ಮಾಡಿಕೊಂಡ ಮಕ್ಕಳು ಹುಬ್ಬೇರಿಸುತ್ತಾರೆ: "ಸೌತ್ ಸೈಡಾ? ಅಲ್ಲಿಗ್ಯಾಕೆ?"

ವಿವೇಕಾನಂದರು ಬಂದ ಆ ವರ್ಷವೇ ದಕ್ಷಿಣದ ಕಥೆಗೂ ಒಳ್ಳೆಯ ಆರಂಭ. ಅವರು ಬರುವ ಹೊತ್ತಿಗೆ ಷಿಕಾಗೊದಲ್ಲಿ ಕೊಲಂಬಸ್ ಹೆಸರಿನ ವಿಶ್ವ ಮೇಳ ನಡೆದಿತ್ತು. ಆ ಮೇಳದಲ್ಲಿ ಕಪ್ಪು ಅಮೆರಿಕನ್ನರಿಗೆ ಜಾಗ ಯಾಕಿಲ್ಲ ಎಂದು ಕೇಳುವ ಕಿರುಪುಸ್ತಕವೊಂದನ್ನು ಕಪ್ಪು ಹೋರಾಟಗಾರರಾದ ಐಡಾ ಬಿ. ವೆಲ್ಸ್ ಮತ್ತು ಫ್ರೆಡರಿಕ್ ಡಗ್ಲಸ್ ಸಂಗಡಿಗರೊಡನೆ ಸೇರಿ ಬರೆದು, ಹೈಟಿ ದೇಶದ ಮಂಟಪದಲ್ಲಿ ನಿಂತು ಹಂಚಿದರು. ಅದೇ ಜುಲೈನಲ್ಲಿ, ಎರಡು ವರ್ಷದ ಹಿಂದಷ್ಟೇ ತೆರೆದಿದ್ದ ಪ್ರಾವಿಡೆಂಟ್ ಆಸ್ಪತ್ರೆಯಲ್ಲಿ ಡಾ. ಡೇನಿಯಲ್ ಹೇಲ್ ವಿಲಿಯಮ್ಸ್ ಚೂರಿ ಇರಿತಕ್ಕೊಳಗಾದ ರೋಗಿಯೊಬ್ಬನ ಎದೆ ತೆರೆದು, ಹೃದಯದ ಹೊರಪೊರೆಗೆ ಹೊಲಿಗೆ ಹಾಕಿ ಬದುಕಿಸಿದರು. ಕಪ್ಪು ನರ್ಸುಗಳಿಗೆ ನಗರದಲ್ಲಿ ಬೇರೆಲ್ಲೂ ತರಬೇತಿ ಸಿಗುತ್ತಿಲ್ಲವೆಂದು ಕಟ್ಟಿದ ಆಸ್ಪತ್ರೆ ಅದು. ಮೇಳದಲ್ಲಿ ಜಾಗ ಸಿಗದಿದ್ದರೆ ನಮ್ಮದೇ ಪುಸ್ತಕ, ಆಸ್ಪತ್ರೆಯಲ್ಲಿ ಜಾಗ ಸಿಗದಿದ್ದರೆ ನಮ್ಮದೇ ಆಸ್ಪತ್ರೆ. ಮುಂದಿನ ಅರ್ಧ ಶತಮಾನದಲ್ಲಿ ಬ್ರಾಂಜ್‌ವಿಲ್ ಕಟ್ಟಿಕೊಂಡದ್ದು ಇದೇ ಹಟದ ಮೇಲೆ.

ಸವೆದ ಅಟ್ಟೆಗಳ ಅಂಗಿ

ನಗರದ ಕೇಂದ್ರದಿಂದ 3ನೇ ನಂಬರಿನ ಬಸ್ಸು ಮಾರ್ಟಿನ್ ಲೂಥರ್ ಕಿಂಗ್ ಡ್ರೈವ್ ಹಿಡಿದು ದಕ್ಷಿಣಕ್ಕೆ ಓಡುತ್ತದೆ. ಮೊದಲು ಸೌತ್ ಪಾರ್ಕ್‌ವೇ ಎನಿಸಿಕೊಂಡಿದ್ದ ಈ ಅಗಲವಾದ ಸಾಲುಮರದ ರಸ್ತೆಗೆ ಕಿಂಗ್ ಹೆಸರು ಬಂದದ್ದು 1968ರಲ್ಲಿ, ಅವರ ಹತ್ಯೆಯಾದ ಕೆಲವೇ ತಿಂಗಳಲ್ಲಿ. 26ನೇ ಬೀದಿಯ ಬಳಿ ಇಳಿದರೆ ಎದುರಿಗೊಂದು ಕಂಚಿನ ಪ್ರತಿಮೆ, ದಕ್ಷಿಣದಿಂದ ವಲಸೆ ಬಂದ ಕಪ್ಪು ಮನುಷ್ಯನದು. ಕಲಾವಿದೆ ಆಲಿಸನ್ ಸಾರ್ 1990ರ ದಶಕದಲ್ಲಿ ಮಾಡಿದ್ದು. ಕೈಯಲ್ಲಿ ಹಗ್ಗ ಬಿಗಿದ ಪೆಟ್ಟಿಗೆ, ಮುಖ ಉತ್ತರಕ್ಕೆ. ಹತ್ತಿರ ಹೋಗಿ ನೋಡಿದರೆ ಅವನ ಸೂಟು ಪೂರ್ತಿ ಸವೆದ ಬೂಟಿನ ಅಟ್ಟೆಗಳಿಂದ ಮಾಡಿದ್ದು.

ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಿಂದ 1970ರವರೆಗೆ ಸುಮಾರು 60 ಲಕ್ಷ ಕಪ್ಪು ಜನ ಅಮೆರಿಕದ ದಕ್ಷಿಣ ರಾಜ್ಯಗಳನ್ನು ಬಿಟ್ಟು ಉತ್ತರ ಮತ್ತು ಪಶ್ಚಿಮದ ನಗರಗಳಿಗೆ ಗುಳೆ ಹೊರಟರು. ಹತ್ತಿಹೊಲದ ಪಾಲುಗಾರಿಕೆಯ ಸಾಲ, ಗುಂಪುಹತ್ಯೆಯ ಭಯ ಹಿಂದಿನಿಂದ ದೂಡಿದವು. ಮಾಂಸದ ಕಾರ್ಖಾನೆ, ಉಕ್ಕಿನ ಕಾರ್ಖಾನೆಗಳ ಕೂಲಿ ಮುಂದಿನಿಂದ ಕರೆಯಿತು. ಮಿಸಿಸಿಪಿಯಿಂದ ಹೊರಟ ರೈಲು ನೇರ ಷಿಕಾಗೊಗೆ ಬರುತ್ತಿತ್ತು. ರಾಬರ್ಟ್ ಅಬಾಟ್ 1905ರಲ್ಲಿ ಶುರುಮಾಡಿದ 'ಷಿಕಾಗೊ ಡಿಫೆಂಡರ್' ಪತ್ರಿಕೆಯ ಕಟ್ಟುಗಳನ್ನು ಪುಲ್‌ಮನ್ ರೈಲುಗಳ ಕಪ್ಪು ಪರಿಚಾರಕರು ದಕ್ಷಿಣದ ಊರೂರಿಗೆ ಒಯ್ದು ಹಂಚುತ್ತಿದ್ದರು. 1917ರ ಮೇ 15ನ್ನು ಆ ಪತ್ರಿಕೆ ಉತ್ತರಕ್ಕೆ ಹೊರಡುವ ದಿನವೆಂದೇ ಸಾರಿತು. 1910ರಲ್ಲಿ ಷಿಕಾಗೊದಲ್ಲಿ ಸುಮಾರು 44,000 ಕಪ್ಪು ಜನರಿದ್ದರು. 1930ರ ಹೊತ್ತಿಗೆ ಆ ಸಂಖ್ಯೆ ಸುಮಾರು 2,34,000.

ಅಷ್ಟೂ ಜನ ಇರಬೇಕಾದದ್ದು ಒಂದೇ ಕಿರಿದಾದ ಪಟ್ಟಿಯಲ್ಲಿ. 'ಈ ಮನೆಯನ್ನು ಕಪ್ಪು ಜನರಿಗೆ ಮಾರುವುದಿಲ್ಲ, ಬಾಡಿಗೆಗೂ ಕೊಡುವುದಿಲ್ಲ' ಎಂಬ ಷರತ್ತನ್ನು ಬಿಳಿಯರು ತಮ್ಮ ಕ್ರಯಪತ್ರಗಳಲ್ಲೇ ಬರೆಸಿಕೊಂಡಿದ್ದರು. ಅದು ಜಾರಿಯಾಗದಂತೆ ಸುಪ್ರೀಂ ಕೋರ್ಟ್ ತಡೆದದ್ದು 1948ರಲ್ಲಿ. 1919ರ ಬೇಸಿಗೆಯಲ್ಲಿ 29ನೇ ಬೀದಿಯ ಸರೋವರದ ದಂಡೆಯಲ್ಲಿ, ಕಣ್ಣಿಗೆ ಕಾಣದ ಗೆರೆಯೊಂದನ್ನು ನೀರಿನಲ್ಲಿ ದಾಟಿದ ಕಪ್ಪು ಹುಡುಗನೊಬ್ಬ ಕಲ್ಲೇಟಿಗೆ ಸಿಕ್ಕಿ ಮುಳುಗಿ ಸತ್ತಾಗ ಗಲಭೆ ಹತ್ತಿಕೊಂಡು 38 ಮಂದಿ ಸತ್ತರು.

ತಮ್ಮದೇ ಬ್ಯಾಂಕು, ತಮ್ಮದೇ ಪತ್ರಿಕೆ

ಈ ಪಟ್ಟಿಗೆ ಬಿಳಿಯರ ಪತ್ರಿಕೆಗಳು ಇಟ್ಟ ಹೆಸರು 'ಬ್ಲ್ಯಾಕ್ ಬೆಲ್ಟ್'. ಒಳಗಿದ್ದವರು ಅದನ್ನು ಒಪ್ಪಲಿಲ್ಲ. 1930ರ ಸುಮಾರಿಗೆ 'ಷಿಕಾಗೊ ಬೀ' ಪತ್ರಿಕೆಯ ನಾಟಕ ವಿಭಾಗದ ಸಂಪಾದಕ ಜೇಮ್ಸ್ ಜೆಂಟ್ರಿ ಚಲಾವಣೆಗೆ ತಂದ ಬ್ರಾಂಜ್‌ವಿಲ್ ಹೆಸರು ಜನರ ಬಾಯಲ್ಲಿ ನಿಂತಿತು. ಬ್ರಾಂಜ್‌ವಿಲ್ ಮೇಯರ್ ಎಂಬ ಗೌರವ ಹುದ್ದೆಗೆ ಪ್ರತಿವರ್ಷ ಚುನಾವಣೆಯೂ ನಡೆಯತೊಡಗಿತು.

35ನೇ ಬೀದಿ, ಸ್ಟೇಟ್ ಸ್ಟ್ರೀಟ್ ಸುತ್ತಮುತ್ತ ನಡೆದರೆ ಆ ಕಾಲದ ಆತ್ಮವಿಶ್ವಾಸ ಇನ್ನೂ ಇಟ್ಟಿಗೆಯಲ್ಲಿ ಉಳಿದಿರುವುದು ಕಾಣುತ್ತದೆ. ಪ್ರಸಾಧನ ಸಾಮಗ್ರಿಯಲ್ಲಿ ದುಡ್ಡು ಮಾಡಿದ ಆಂಥನಿ ಓವರ್ಟನ್ 1920ರ ದಶಕದಲ್ಲಿ ಕಟ್ಟಿಸಿದ ಓವರ್ಟನ್ ಹೈಜೀನಿಕ್ ಕಟ್ಟಡದಲ್ಲಿ ಕಾರ್ಖಾನೆ, ವಿಮಾ ಕಂಪನಿ, ಬ್ಯಾಂಕು ಎಲ್ಲ ಒಂದೇ ಸೂರಿನಡಿ ಇದ್ದವು. 'ಬೀ' ಪತ್ರಿಕೆಗೆಂದು ಅವರೇ ಕಟ್ಟಿಸಿದ ಆರ್ಟ್ ಡೆಕೊ ಶೈಲಿಯ ಕಟ್ಟಡದಲ್ಲಿ ಈಗ ಸಾರ್ವಜನಿಕ ಗ್ರಂಥಾಲಯದ ಶಾಖೆಯಿದೆ. ಸುಪ್ರೀಂ ಲೈಫ್ ವಿಮಾ ಕಂಪನಿಯಲ್ಲಿ ಕೆಲಸಕ್ಕಿದ್ದ ಜಾನ್ ಜಾನ್ಸನ್ ಎಂಬ ಯುವಕ 1942ರಲ್ಲಿ ತಾಯಿಯ ಮನೆಸಾಮಾನು ಅಡವಿಟ್ಟು 500 ಡಾಲರ್ ಸಾಲ ತಂದು ಮಾಸಪತ್ರಿಕೆ ಶುರುಮಾಡಿದ. ಮೂರು ವರ್ಷದಲ್ಲಿ ಅವನ 'ಎಬನಿ' ಬಂತು. ಅಮೆರಿಕದ ಕಪ್ಪು ಮನೆಗಳ ಹಜಾರದಲ್ಲೆಲ್ಲ ಅದಕ್ಕೊಂದು ಜಾಗವಾಯಿತು. ವಾಬ್ಯಾಷ್ ಅವೆನ್ಯೂದ ವೈಎಂಸಿಎಯಲ್ಲಿ 1915ರಲ್ಲಿ ಕಾರ್ಟರ್ ವುಡ್ಸನ್ ಕಪ್ಪು ಜನರ ಚರಿತ್ರೆಯ ಅಧ್ಯಯನಕ್ಕೊಂದು ಸಂಘ ಕಟ್ಟಿದರು. ಈಗ ಪ್ರತಿ ಫೆಬ್ರುವರಿಯಲ್ಲಿ ಅಮೆರಿಕ ಆಚರಿಸುವ 'ಬ್ಲ್ಯಾಕ್ ಹಿಸ್ಟರಿ ಮಂತ್' ಬೆಳೆದದ್ದು ಆ ಸಂಘದ ಕೆಲಸದಿಂದ.

ಆಗಲೂ ಇಲ್ಲಿ ಕೆಫೆಗಳಿದ್ದವು. 35ನೇ ಬೀದಿ ಮತ್ತು ಕ್ಯಾಲುಮೆಟ್ ಅವೆನ್ಯೂ ಕೂಡುವಲ್ಲಿದ್ದ ಸನ್‌ಸೆಟ್ ಕೆಫೆಯಲ್ಲಿ 1920ರ ದಶಕದಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಟ್ರಂಪೆಟ್ ಊದುತ್ತಿದ್ದರು, ಅರ್ಲ್ ಹೈನ್ಸ್ ಪಿಯಾನೊ ನುಡಿಸುತ್ತಿದ್ದರು. ಕಪ್ಪು, ಬಿಳಿ ಎರಡೂ ಬಣ್ಣದ ಜನ ಒಂದೇ ನೆಲದ ಮೇಲೆ ಕುಣಿಯುತ್ತಿದ್ದ ಅಪರೂಪದ ಜಾಗ ಅದು. ಮುಂದೆ ಅಲ್ಲಿ ದಶಕಗಳ ಕಾಲ ಹಾರ್ಡ್‌ವೇರ್ ಅಂಗಡಿ ನಡೆಯಿತು. ವಾದ್ಯವೃಂದದ ವೇದಿಕೆಯ ಗೋಡೆಚಿತ್ರ ಮೊಳೆ, ನಲ್ಲಿ, ಬಣ್ಣದ ಡಬ್ಬಿಗಳ ಹಿಂದೆ ಹಾಗೇ ಉಳಿದಿತ್ತು.

ಆ ದಿನಗಳನ್ನು ಬಂಗಾರದ ಕಾಲವೆಂದು ಬಣ್ಣಿಸುವುದು ಸುಲಭ. ಡಾಕ್ಟರು, ಕೂಲಿ, ಕವಿ, ಮಟಕಾ ದೊರೆ ಎಲ್ಲರೂ ಒಂದೇ ಬೀದಿಯಲ್ಲಿದ್ದುದು ನಿಜ. ಬೇರೆಡೆ ಹೋಗುವ ಹಾಗಿರಲಿಲ್ಲ ಎಂಬುದೂ ಅಷ್ಟೇ ನಿಜ. ಮನೆಗಳನ್ನು ಒಂದೊಂದು ಕೋಣೆಯಾಗಿ ಸೀಳಿ 'ಕಿಚನೆಟ್' ಎಂದು ಹೆಸರಿಟ್ಟು, ಒಂದು ಕೋಣೆಗೆ ಒಂದು ಸಂಸಾರದಂತೆ ತುಂಬಿ ದುಬಾರಿ ಬಾಡಿಗೆ ಕೀಳುತ್ತಿದ್ದರು. ಕವಯಿತ್ರಿ ಗ್ವೆಂಡೊಲಿನ್ ಬ್ರೂಕ್ಸ್ 1945ರ ತಮ್ಮ ಮೊದಲ ಸಂಕಲನದಲ್ಲಿ ಬರೆದದ್ದು ಈ ಬೀದಿಯ ಬಗ್ಗೆಯೇ. 1950ರಲ್ಲಿ ಅವರು ಪುಲಿಟ್ಜರ್ ಪಡೆದ ಮೊದಲ ಕಪ್ಪು ಲೇಖಕಿಯಾದರು.

ಬುಲ್ಡೋಜರ್ ಬಂದ ಮೇಲೆ

ಕ್ರಯಪತ್ರದ ಷರತ್ತುಗಳು ಬಿದ್ದುಹೋದ ಮೇಲೆ ಕಾಸಿದ್ದವರು ಹೊರಟರು. ಸರ್ಕಾರದ ಗೃಹಸಾಲ ಭದ್ರತೆಯ ನಕ್ಷೆಗಳಲ್ಲಿ ಈ ಪ್ರದೇಶಕ್ಕೆ ಅಪಾಯದ ಕೆಂಪು ಬಣ್ಣ ಬಳಿದಿದ್ದರಿಂದ ಉಳಿದವರಿಗೆ ಮನೆ ಕೊಳ್ಳಲು, ದುರಸ್ತಿ ಮಾಡಲು ಬ್ಯಾಂಕ್ ಸಾಲ ಸಿಗಲಿಲ್ಲ. ನಗರಾಭಿವೃದ್ಧಿಯ ಹೆಸರಿನಲ್ಲಿ ಬೀದಿಗಳೇ ನೆಲಸಮವಾದವು. ಸ್ಟೇಟ್ ಸ್ಟ್ರೀಟ್ ಉದ್ದಕ್ಕೂ ಎದ್ದ ಸರ್ಕಾರಿ ವಸತಿ ರಾಬರ್ಟ್ ಟೇಲರ್ ಹೋಮ್ಸ್ 1962ರಲ್ಲಿ ಪೂರ್ತಿಯಾಯಿತು: 16 ಮಹಡಿಯ 28 ಕಟ್ಟಡಗಳು. ಅವುಗಳ ಪಕ್ಕದಲ್ಲೇ ಅಗಲವಾದ ಹೆದ್ದಾರಿ. ಬಡವರನ್ನು ಹೀಗೆ ಒಂದೆಡೆ ಪೇರಿಸಿಟ್ಟು, ನಿರ್ವಹಣೆಗೆ ದುಡ್ಡು ಕೊಡದೆ ಕೈಬಿಟ್ಟ ನಗರಾಡಳಿತ, ನಾಲ್ಕು ದಶಕದ ನಂತರ ಆ ಕಟ್ಟಡಗಳನ್ನೇ ದೋಷಿಯೆಂದು ಕೆಡವಿತು. ಕೊನೆಯದು ಬಿದ್ದದ್ದು 2007ರಲ್ಲಿ. 47ನೇ ಬೀದಿಯ ವೈಭವವಾಗಿದ್ದ ರೀಗಲ್ ಥಿಯೇಟರ್ ಅದಕ್ಕೂ ಮೊದಲೇ, 1973ರಲ್ಲಿ, ನೆಲಕ್ಕುರುಳಿತ್ತು.

ಉಳಿದವು ಕೆಲವೇ. ಉಳಿದದ್ದು ಹೇಗೆ ಎಂಬುದಕ್ಕೆ ಮಿಷಿಗನ್ ಅವೆನ್ಯೂದ 3831ನೇ ನಂಬರಿನ ಮನೆ ಸಾಕ್ಷಿ. ಧಾನ್ಯದ ವ್ಯಾಪಾರಿಯೊಬ್ಬ ಕಟ್ಟಿಸಿದ್ದ ಹಳೆಯ ಬಂಗಲೆಯನ್ನು ಕಲಾವಿದರು 'ಮೈಲುದ್ದ ಡೈಮ್' ಎಂಬ ಚಂದಾ ಅಭಿಯಾನ ನಡೆಸಿ, ಹತ್ತು ಸೆಂಟಿನ ನಾಣ್ಯಗಳನ್ನು ಕೂಡಿಹಾಕಿ ಕೊಂಡರು. 1941ರಲ್ಲಿ ಅಧ್ಯಕ್ಷರ ಪತ್ನಿ ಎಲೀನರ್ ರೂಸ್‌ವೆಲ್ಟ್ ಬಂದು ಉದ್ಘಾಟಿಸಿದ ಸೌತ್ ಸೈಡ್ ಕಮ್ಯುನಿಟಿ ಆರ್ಟ್ ಸೆಂಟರ್ ಇಂದೂ ನಡೆಯುತ್ತಿದೆ. ಛಾಯಾಗ್ರಾಹಕ ಗಾರ್ಡನ್ ಪಾರ್ಕ್ಸ್ ಚಿತ್ರ ತೊಳೆಯುತ್ತಿದ್ದುದು ಇದರ ನೆಲಮಾಳಿಗೆಯಲ್ಲಿ. ಮೇಲಿನ ಗ್ಯಾಲರಿಯ ಮರದ ಹಲಗೆಗಳ ಮೇಲೆ ಸಾವಿರಾರು ಮೊಳೆತೂತುಗಳು. ಎಂಟು ದಶಕಗಳ ಪ್ರದರ್ಶನಗಳು ಬಿಟ್ಟುಹೋದ ಗುರುತುಗಳವು. ಸರ್ಕಾರದ ಅನುದಾನ ಬಂತು, ನಿಂತಿತು. ಕಟ್ಟಡ ಮಾತ್ರ ಕಲಾವಿದರ ಕೈಯಲ್ಲೇ ಇತ್ತು, ಹಾಗಾಗಿ ಕೇಂದ್ರ ಬಾಳಿತು.

ಭಾರತದವರಿಗೆ ಅನಿರೀಕ್ಷಿತವಾದ ಗುರುತೊಂದು ವಾಬ್ಯಾಷ್ ಅವೆನ್ಯೂದಲ್ಲಿದೆ. ಅವಿಭಜಿತ ಪಂಜಾಬಿನಿಂದ 1920ರಲ್ಲಿ ಅಮೆರಿಕಕ್ಕೆ ಬಂದ ಅಹ್ಮದೀಯ ಧರ್ಮಪ್ರಚಾರಕ ಮುಫ್ತಿ ಮುಹಮ್ಮದ್ ಸಾದಿಕ್ 1922ರಲ್ಲಿ ಇಲ್ಲೊಂದು ಮನೆ ಹಿಡಿದು ಮಸೀದಿ ಮಾಡಿದರು. ಬಿಳಿಯರ ನಡುವೆ ಸಿಗದ ಕಿವಿ ಅವರಿಗೆ ಈ ಬೀದಿಯ ಕಪ್ಪು ಜನರಲ್ಲಿ ಸಿಕ್ಕಿತು. ಹೊಸದಾಗಿ ಕಟ್ಟಿದ ಅಲ್-ಸಾದಿಕ್ ಮಸೀದಿ ಅದೇ ಜಾಗದಲ್ಲಿ ನಿಂತಿದೆ.

43ರ ಕಾಫಿ, 47ರ ತಿಂಡಿ

ಈಗಿನ ಬ್ರಾಂಜ್‌ವಿಲ್ ನೋಡಲು 43ನೇ ಬೀದಿಗೆ ಬರಬೇಕು. ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಗೌರವದ ಹೆಸರು ಹೊತ್ತ ಈ ಬೀದಿಯ ಚೆಕರ್‌ಬೋರ್ಡ್ ಲೌಂಜ್‌ಗೆ 1981ರ ನವೆಂಬರಿನಲ್ಲಿ ರೋಲಿಂಗ್ ಸ್ಟೋನ್ಸ್ ಬಂದು ಅವರೊಡನೆ ಹಾಡಿದ್ದರು. ಬ್ಲೂಸ್ ಕ್ಲಬ್ ಹೋಯಿತು. ಬೀದಿಗೆ ಕಾಫಿಯ ಘಮ ಬಂತು. ಸಿಪ್ ಅಂಡ್ ಸೇವರ್‌ನಂಥ ಸ್ಥಳೀಯರ ಕಾಫಿ ಅಂಗಡಿಗಳು ಇಲ್ಲಿ ಮಾಡುತ್ತಿರುವ ಕೆಲಸ ಲಾಟೆ ಮಾರುವುದಕ್ಕಿಂತ ದೊಡ್ಡದು. ವರ್ಷಗಟ್ಟಲೆ ಕೂತು ಮಾತಾಡಲು ಚರ್ಚು, ಕ್ಷೌರದಂಗಡಿ ಬಿಟ್ಟರೆ ಬೇರೆ ಜಾಗವಿಲ್ಲದ ಬಡಾವಣೆಯಲ್ಲಿ ಕೆಫೆಯ ಮೇಜೇ ಸಭೆ, ಅದೇ ಕಚೇರಿ, ಶನಿವಾರ ಸಂಜೆ ಅದೇ ಕವಿಗೋಷ್ಠಿ.

47ನೇ ಬೀದಿಯ ಮೂಲೆಯ ಪೀಚಸ್ ಹೋಟೆಲಿನಲ್ಲಿ ಬೆಳಗಿನ ತಿಂಡಿಗೆ ಸೀಗಡಿಯ ಜೊತೆ 'ಗ್ರಿಟ್ಸ್' ಕೊಡುತ್ತಾರೆ. ಬೆಣ್ಣೆ ಹಾಕಿ ಬೇಯಿಸಿದ ಮೆಕ್ಕೆಜೋಳದ ನುಚ್ಚು ಅಂದುಕೊಳ್ಳಿ. ಈ ಹೋಟೆಲು ನಡೆಸುವ ಬಾಣಸಿಗ ಕ್ಲಿಫ್ ರೋಮ್ ಸಮೀಪದ ಪಾರ್ಕ್‌ವೇ ಬಾಲ್‌ರೂಮನ್ನೂ ನಡೆಸುತ್ತಾರೆ. 1940ರಲ್ಲಿ ತೆರೆದ ಆ ನೃತ್ಯಶಾಲೆಯಲ್ಲಿ ಈಗಲೂ ಮದುವೆಗಳಾಗುತ್ತವೆ. ಮಿಷಿಗನ್ ಅವೆನ್ಯೂದ ಪರ್ಲ್ಸ್ ಪ್ಲೇಸ್‌ಗೆ ಹೋದರೆ ದಕ್ಷಿಣದ ಅಡುಗೆಮನೆ ಪೂರ್ತಿಯಾಗಿ ಸಿಗುತ್ತದೆ: ಕರಿದ ಮೀನು, ಕೊಲಾರ್ಡ್ ಸೊಪ್ಪು, ಮೆಕ್ಕೆಜೋಳದ ಬ್ರೆಡ್. ಇಂಥ ಊಟದಲ್ಲಿ ತಪ್ಪದೆ ಬರುವ 'ಬ್ಲ್ಯಾಕ್ ಐಡ್ ಪೀಸ್' ನಮ್ಮ ಅಲಸಂದೆಯೇ. ಅಲಸಂದೆಯ ತವರು ಆಫ್ರಿಕಾ. ಅಲ್ಲಿಂದ ಒಂದು ದಾರಿ ಹಿಡಿದು ನಮ್ಮ ಹೊಲಕ್ಕೆ ಬಂತು, ಗುಲಾಮರ ಹಡಗಿನ ದಾರಿ ಹಿಡಿದು ಅಮೆರಿಕ ಸೇರಿತು.

47ರಲ್ಲೇ ಒಂದಿಡೀ ಬ್ಲಾಕ್ ತುಂಬಿ ನಿಂತಿರುವುದು ರೋಸನ್‌ವಾಲ್ಡ್ ಕೋರ್ಟ್ಸ್. ಸಿಯರ್ಸ್ ಕಂಪನಿಯ ಜೂಲಿಯಸ್ ರೋಸನ್‌ವಾಲ್ಡ್ 1929ರಲ್ಲಿ ಕಪ್ಪು ಕುಟುಂಬಗಳಿಗೆಂದು ಕಟ್ಟಿಸಿದ ಅಪಾರ್ಟ್‌ಮೆಂಟು. ನಡುವೆ ದೊಡ್ಡ ತೋಟದ ಅಂಗಳ. 2000ದಲ್ಲಿ ಬೀಗ ಬಿದ್ದು, ಕೆಡವುವುದೇ ಸರಿ ಎಂಬ ಮಾತು ಬಂದಿತ್ತು. ಊರವರು ಬಿಡಲಿಲ್ಲ. ದುರಸ್ತಿಯಾಗಿ 2016ರಲ್ಲಿ ಮತ್ತೆ ತೆರೆಯಿತು. ಮೇಲೆ ವೃದ್ಧರಿಗೆ, ಕಡಿಮೆ ಆದಾಯದವರಿಗೆ ಮನೆಗಳು, ಕೆಳಗೆ ರಸ್ತೆಗೆ ಮುಖ ಮಾಡಿದ ಅಂಗಡಿಗಳು. ಷಾನ್ ಮಿಷೆಲ್ಸ್ ಐಸ್‌ಕ್ರೀಮ್ ಅಂಗಡಿ ಈ ಸಾಲಿನದು. ಇನ್ನಷ್ಟು ಪೂರ್ವಕ್ಕೆ ಗ್ಯಾಲರಿ ಗಿಷಾರ್ಡ್. ಅದಿರುವ ಕಟ್ಟಡದಲ್ಲಿ ಕಲಾವಿದರು ವಾಸವೂ ಇದ್ದಾರೆ, ಕೆಲಸವೂ ಮಾಡುತ್ತಾರೆ.

ಇದೇ 47ನೇ ಬೀದಿ ಚಳವಳಿಯ ಬೀದಿಯೂ ಹೌದು. 1930ರ ಸುಮಾರಿಗೆ 'ಷಿಕಾಗೊ ವಿಪ್' ಪತ್ರಿಕೆ ಹೂಡಿದ ಬಹಿಷ್ಕಾರದ ಸಾರ ಇಷ್ಟು: ಎಲ್ಲಿ ನಿಮಗೆ ಕೆಲಸ ಕೊಡುವುದಿಲ್ಲವೋ ಅಲ್ಲಿ ನಿಮ್ಮ ದುಡ್ಡು ಖರ್ಚು ಮಾಡಬೇಡಿ. ಗಿರಾಕಿಗಳೆಲ್ಲ ಕಪ್ಪು ಜನ, ಗಲ್ಲಾದಲ್ಲಿ ಕೂತವರೆಲ್ಲ ಬಿಳಿಯರು ಎಂಬಂತಿದ್ದ ವುಲ್‌ವರ್ತ್‌ನಂಥ ಮಳಿಗೆಗಳು ಕೊನೆಗೆ ಮಣಿದು ಕಪ್ಪು ಹುಡುಗಿಯರನ್ನು ಕೆಲಸಕ್ಕೆ ತೆಗೆದುಕೊಂಡವು.

ಹಡಗಿನ ಪೆಟ್ಟಿಗೆಯಲ್ಲಿ ಅಂಗಡಿ

51ನೇ ಬೀದಿಯಲ್ಲಿ ಗ್ರೀನ್ ಲೈನ್ ರೈಲಿನಿಂದ ಇಳಿದರೆ ಪಕ್ಕದಲ್ಲೇ ಬಾಕ್ಸ್‌ವಿಲ್. ಖಾಲಿ ನಿವೇಶನದ ಮೇಲೆ ಬಣ್ಣ ಬಳಿದ ಹಡಗಿನ ಕಂಟೇನರ್‌ಗಳು. ಒಂದರಲ್ಲಿ ಸೈಕಲ್ ದುರಸ್ತಿ, ಒಂದರಲ್ಲಿ ಪುಸ್ತಕ, ಇನ್ನೊಂದರಲ್ಲಿ ಊಟ, ಮತ್ತೊಂದರಲ್ಲಿ ಬಟ್ಟೆ. ದೊಡ್ಡ ಸಲಹಾ ಕಂಪನಿಯ ಪಾಲುದಾರಿಕೆ ಬಿಟ್ಟು ಇಲ್ಲೇ ನೆಲೆನಿಂತ ಬರ್ನಾರ್ಡ್ ಲಾಯ್ಡ್ ಅವರ 'ಅರ್ಬನ್ ಜಂಕ್ಚರ್' ಸಂಸ್ಥೆಯ ಯೋಜನೆಯಿದು. ಹಿಂದಿನ ಲೆಕ್ಕ ಸರಳ. ಇಲ್ಲಿ ಅಂಗಡಿ ತೆರೆಯಬೇಕೆನ್ನುವವರ ಬಳಿ ಕೈಗುಣವಿದೆ, ಗಿರಾಕಿಗಳಿದ್ದಾರೆ. ಇಲ್ಲದಿರುವುದು ಅಜ್ಜನ ಕಾಲದ ಆಸ್ತಿ ಮತ್ತು ಅದರ ಮೇಲೆ ಹುಟ್ಟುವ ಸಾಲ. ಕಂಟೇನರಿಗೆ ಕಡಿಮೆ ಬಾಡಿಗೆ. ವ್ಯಾಪಾರ ಹಿಡಿದರೆ ಇಟ್ಟಿಗೆ ಗೋಡೆಯ ಅಂಗಡಿಗೆ ದಾಟಬಹುದು, ಹಿಡಿಯದಿದ್ದರೆ ಮನೆಮಠ ಮಾರಿಕೊಳ್ಳಬೇಕಿಲ್ಲ.

ಆ ದಾಟುವಿಕೆಯಲ್ಲೇ ತೊಡಕಿರುವುದು. ನಗರಕೇಂದ್ರದಲ್ಲಿ ಹೆಚ್ಚುವರಿ ಮಹಡಿ ಕಟ್ಟುವವರಿಂದ ಶುಲ್ಕ ಪಡೆದು, ದಕ್ಷಿಣ ಮತ್ತು ಪಶ್ಚಿಮದ ಬಡ ಬೀದಿಗಳ ಅಂಗಡಿಗಳಿಗೆ ಅನುದಾನ ಕೊಡುವ ಯೋಜನೆಯನ್ನು ಷಿಕಾಗೊ 2016ರಲ್ಲಿ ತಂದಿತು. ಯೋಚನೆ ಒಳ್ಳೆಯದೇ. ಆದರೆ ಅನುದಾನದ ಬಹುಪಾಲು ಬರುವುದು ಖರ್ಚು ಮಾಡಿ ಬಿಲ್ಲು ಕೊಟ್ಟ ಮೇಲೆ. ಮೊದಲು ಹಾಕಲು ದುಡ್ಡಿದ್ದವರಿಗೇ ಸಹಾಯದ ದಾರಿ ಸಲೀಸು.

ಯಾರ ಮರುಹುಟ್ಟು?

ಅಮೆರಿಕದ ಹಲವು ನಗರಗಳಲ್ಲಿ ಹಳೆಯ ಕಪ್ಪು ಬಡಾವಣೆಗೆ ಕಾಫಿ ಅಂಗಡಿ ಬಂತೆಂದರೆ ಬಿಳಿಯರು ಬಂದರು, ಬಾಡಿಗೆ ಏರಿತು, ಹಳಬರು ಗಂಟುಮೂಟೆ ಕಟ್ಟಿದರು ಎಂದೇ ಅರ್ಥ. ವಾಷಿಂಗ್ಟನ್ನಿನ ಯು ಸ್ಟ್ರೀಟ್, ನ್ಯೂಯಾರ್ಕಿನ ಹಾರ್ಲೆಮ್ ಕಂಡದ್ದು ಬಹುಮಟ್ಟಿಗೆ ಇದನ್ನೇ. ಬ್ರಾಂಜ್‌ವಿಲ್ ಕಥೆ ತುಸು ಬೇರೆ. ಇಲ್ಲಿ ಹಳೆಯ ಕಲ್ಲಿನ ಮನೆಗಳನ್ನು ಕೊಂಡು ದುರಸ್ತಿ ಮಾಡಿದವರಲ್ಲಿ ಹೆಚ್ಚಿನವರು ಕಪ್ಪು ಮಧ್ಯಮವರ್ಗದವರು. ಇದರ ಅಂಚಿನ ಬಡಾವಣೆಯಲ್ಲಿ ನೆಲೆಸಿ ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞೆ ಮೇರಿ ಪಟಿಲ್ಲೊ 2007ರ ತಮ್ಮ ಪುಸ್ತಕದಲ್ಲಿ ಈ ನೆಂಟಸ್ತಿಕೆಯ ಒಳಜಗಳವನ್ನು ಬಿಡಿಸಿಟ್ಟರು. ಬಣ್ಣ ಒಂದೇ ಆದರೂ ಅಂಗಳದಲ್ಲಿ ಮಾಂಸ ಸುಡುವುದು, ಜಗುಲಿಯ ಮೇಲೆ ಗುಂಪು ಕೂರುವುದು, ಸರ್ಕಾರಿ ಮನೆಗಳು ಎಷ್ಟಿರಬೇಕು ಎಂಬುದು ಎಲ್ಲಕ್ಕೂ ಹೊಸ ಮನೆಯೊಡೆಯರಿಗೂ ಹಳೆಯ ಬಾಡಿಗೆದಾರರಿಗೂ ಜಟಾಪಟಿ. ನಗರಾಡಳಿತದ ಎದುರು ವಾದಿಸುವ ಭಾಷೆ ಬಲ್ಲವರು ಮೊದಲಿನವರು; ಬುಲ್ಡೋಜರಿಗೆ ಎದುರಾಗುವವರು ಎರಡನೆಯವರು.

ಇನ್ನೊಂದು ವಿಪರ್ಯಾಸವೂ ಇದೆ. ಬ್ರಾಂಜ್‌ವಿಲ್ ಚಿಗುರುತ್ತಿರುವ ಹೊತ್ತಿಗೇ ಷಿಕಾಗೊ ತನ್ನ ಕಪ್ಪು ಜನರನ್ನು ಕಳೆದುಕೊಳ್ಳುತ್ತಿದೆ. 2000ದಿಂದ 2020ರ ನಡುವೆ ನಗರದ ಕಪ್ಪು ಜನಸಂಖ್ಯೆ ಎರಡೂವರೆ ಲಕ್ಷಕ್ಕೂ ಹೆಚ್ಚು ಇಳಿಯಿತು. ಅಜ್ಜಿ ಹೊರಟುಬಂದ ದಕ್ಷಿಣಕ್ಕೇ, ಅಟ್ಲಾಂಟಾದಂಥ ನಗರಗಳಿಗೆ, ಮೊಮ್ಮಕ್ಕಳು ಹೋಗುತ್ತಿದ್ದಾರೆ. 2013ರಲ್ಲಿ ನಗರ ಒಮ್ಮೆಗೇ ಸುಮಾರು 50 ಶಾಲೆಗಳನ್ನು ಮುಚ್ಚಿದಾಗ ಆಂಥನಿ ಓವರ್ಟನ್ ಹೆಸರಿನ ಶಾಲೆಗೂ ಬೀಗ ಬಿತ್ತು. ಆ ಕಟ್ಟಡ ಈಗ ಸಣ್ಣ ಉದ್ಯಮ ಮತ್ತು ಸಮುದಾಯದ ಕೆಲಸಗಳಿಗೆ ಬಳಕೆಯಾಗುತ್ತಿದೆ. ಸಮೀಪದ ಡಯೆಟ್ ಪ್ರೌಢಶಾಲೆಯನ್ನು ಉಳಿಸಿಕೊಳ್ಳಲು 2015ರಲ್ಲಿ ಪೋಷಕರು, ಅಜ್ಜಿಯರು ಸೇರಿ ಹನ್ನೆರಡು ಮಂದಿ 34 ದಿನ ಉಪವಾಸ ಕೂತರು. ಮರುವರ್ಷ ಶಾಲೆ ತೆರೆಯಿತು. ಶಾಲೆಯಿಲ್ಲದ ಬೀದಿಯಲ್ಲಿ ಕೆಫೆಗಳು ಎಷ್ಟಿದ್ದರೇನು ಎಂಬುದು ಅವರ ವಾದವಾಗಿತ್ತು, ಅದರಲ್ಲಿ ತಪ್ಪು ಹುಡುಕುವುದು ಕಷ್ಟ.

ಗೌರವಗಳಿಗೇನೂ ಕೊರತೆಯಾಗಿಲ್ಲ. 1998ರಲ್ಲಿ ಇಲ್ಲಿನ ಒಂಬತ್ತು ನಿರ್ಮಿತಿಗಳಿಗೆ ನಗರದ ಸ್ಮಾರಕ ಪಟ್ಟ ಸಿಕ್ಕಿತು. ಐಡಾ ವೆಲ್ಸ್ ಹೆಸರಿನ ಸರ್ಕಾರಿ ವಸತಿ ಕೆಡವಿದ ಜಾಗದಲ್ಲಿ 2021ರಲ್ಲಿ ವೆಲ್ಸ್ ನೆನಪಿಗೆ ಶಿಲ್ಪಿ ರಿಚರ್ಡ್ ಹಂಟ್ ಮಾಡಿದ ಕಂಚಿನ ಸ್ಮಾರಕ ಎದ್ದಿತು. 2023ರ ಜನವರಿಯಲ್ಲಿ ಬ್ರಾಂಜ್‌ವಿಲ್ ರಾಷ್ಟ್ರೀಯ ಪರಂಪರಾ ಪ್ರದೇಶವಾಯಿತು. ಇದರಿಂದ ಪ್ರವಾಸಿಗರು ಬರುತ್ತಾರೆ, ನಿವೇಶನದ ಬೆಲೆ ಏರುತ್ತದೆ, ಅದರ ಬೆನ್ನಿಗೇ ಆಸ್ತಿ ತೆರಿಗೆಯೂ ಏರುತ್ತದೆ. ಸ್ವಂತ ಕಟ್ಟಡವಿದ್ದವನಿಗೆ ಇದು ಲಾಭ. ಬಾಡಿಗೆಯಲ್ಲಿರುವ ಕಾಫಿ ಅಂಗಡಿಯವಳಿಗೆ, ತಾನೇ ಬೀದಿಗೆ ಜೀವ ತುಂಬಿ ತಾನೇ ಅದರ ಬಾಡಿಗೆ ಏರಿಸಿಕೊಂಡಂತೆ. ಹಾಗಾಗಿ ಯಾವ ಅಂಗಡಿ ಹೊಸದಾಗಿ ತೆರೆಯಿತು ಎಂಬ ಸುದ್ದಿಗಿಂತ, ಯಾವ ಅಂಗಡಿಯವರು ತಮ್ಮ ಕಟ್ಟಡವನ್ನು ಕೊಂಡರು ಎಂಬ ಸುದ್ದಿ ಇಲ್ಲಿ ದೊಡ್ಡದು. ನಾಣ್ಯ ಕೂಡಿಸಿ ಬಂಗಲೆ ಕೊಂಡ ಕಲಾವಿದರಿಗೆ ಇದು 1940ರ ಹೊತ್ತಿಗೇ ಗೊತ್ತಿತ್ತು.

ನೋಡಲು ಹೋಗುವವರಿಗೆ ಆಗಸ್ಟ್ ಒಳ್ಳೆಯ ತಿಂಗಳು. ಎರಡನೇ ಶನಿವಾರ ಕಿಂಗ್ ಡ್ರೈವ್ ಮೇಲೆ ಬಡ್ ಬಿಲಿಕೆನ್ ಮೆರವಣಿಗೆ ಸಾಗುತ್ತದೆ. ಡಿಫೆಂಡರ್‌ನ ಅಬಾಟ್ 1929ರಲ್ಲಿ ಪತ್ರಿಕೆ ಮಾರುವ ಹುಡುಗರಿಗಾಗಿ ಶುರುಮಾಡಿದ್ದು, ಈಗ ಶಾಲೆ ತೆರೆಯುವ ಮುನ್ನ ಇಡೀ ಸೌತ್ ಸೈಡ್ ಬೀದಿಗಿಳಿಯುವ ಹಬ್ಬ. ಆರ್ಟ್ ಇನ್‌ಸ್ಟಿಟ್ಯೂಟ್ ಹತ್ತಿರದ ನಿಲ್ದಾಣದಲ್ಲಿ ಗ್ರೀನ್ ಲೈನ್ ಹತ್ತಿದರೆ 35, 43, 47, 51, ಎಲ್ಲ ಬೀದಿಗೂ ಇಳಿಯಬಹುದು. ಹಗಲು ಹೊತ್ತಿನಲ್ಲಿ ನಡೆದಾಡಿ, ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಿ. ದುಡ್ಡು ಕೊಡುವಾಗ 'ವಿಪ್' ಪತ್ರಿಕೆಯ ಹಳೆಯ ಪ್ರಶ್ನೆಯನ್ನು ತುಸು ಮುಂದಕ್ಕೆ ಒಯ್ದು ಕೇಳಿ ನೋಡಿ: ಈ ಅಂಗಡಿ ಯಾರದು, ಈ ಗೋಡೆ ಯಾರದು? ಮಾಲೀಕರೇ ಗಲ್ಲಾದ ಮೇಲಿದ್ದರೆ ಉತ್ತರ ಹೇಳಲು ಅವರಿಗೆ ಬೇಸರವಿರುವುದಿಲ್ಲ. ಕಟ್ಟಡ ಕೊಂಡಿದ್ದರಂತೂ ಕಾಫಿ ಆರುವವರೆಗೂ ಹೇಳುತ್ತಾರೆ.